ಹಂಡೆಯಿಂದ ನಲ್ಲಿಗೆ: ಬಿಸಿನೀರು ದೂರವಾದ ಬಗೆ

ಬೆಂಗಳೂರಿನ ಮೂರಂತಸ್ತಿನ ಮನೆಗಳಲ್ಲಿ ಡಿಸೆಂಬರ್ ತಿಂಗಳ ಬೆಳಗ್ಗೆ ನೆಲಮಹಡಿಯ ಬಿಸಿನೀರಿನ ನಲ್ಲಿ ತಿರುಗಿಸಿದರೆ ಮೊದಲು ಬರುವುದು ತಣ್ಣೀರು. ಒಂದೆರಡು ನಿಮಿಷ ಕಳೆದ ಮೇಲೆ ಅದು ಉಗುರುಬೆಚ್ಚಗಾಗುತ್ತದೆ, ಆಮೇಲೆ ಬಿಸಿಯಾಗುತ್ತದೆ. ಅಷ್ಟರಲ್ಲಿ ಅರ್ಧ ಬಕೆಟ್ ನೀರು ಮೋರಿಗೆ ಹೋಗಿರುತ್ತದೆ. ಸೋಲಾರ್ ಸರಿಯಿಲ್ಲ, ಕಂಪನಿಯವರು ಮೋಸ ಮಾಡಿದರು, ಪ್ಲಂಬರ್ ಕೆಲಸ ಕೆಡಿಸಿದ ಎಂಬ ದೂರು ಸಾಮಾನ್ಯ. ತಾರಸಿಗೆ ಹತ್ತಿ ನೋಡಿದರೆ ಟ್ಯಾಂಕಿನಲ್ಲಿ ನೀರು ಕೈ ಸುಡುವಷ್ಟು ಕಾದಿರುತ್ತದೆ. ಹಾಗಾದರೆ ತಪ್ಪು ನೀರು ಕಾಯಿಸುವ ಯಂತ್ರದ್ದಲ್ಲ. ಕಾದ ನೀರಿಗೂ ಮೀಯುವವನಿಗೂ ನಡುವೆ ಇರುವ ದೂರದ್ದು. ಈ ದೂರ ಯಾವ ಎಂಜಿನಿಯರನೂ ಬೇಕೆಂದು ಇಟ್ಟದ್ದಲ್ಲ. ಬೆಂಕಿ ಬಚ್ಚಲುಮನೆಯಿಂದ ಹೊರಗೆ ಹೋದದ್ದು, ಊರಿನ ನೀರು ದಿನವಿಡೀ ಬಾರದೆ ಟ್ಯಾಂಕು ಮಾಳಿಗೆ ಏರಿದ್ದು, ಒಂದಿದ್ದ ಬಚ್ಚಲು ಮೂರು ನಾಲ್ಕಾಗಿ ಮನೆಯ ಮೂಲೆಮೂಲೆಗೆ ಚದುರಿದ್ದು, ಈ ಮೂರೂ ಸೇರಿ ಸುಮಾರು ನೂರು ವರ್ಷಗಳಲ್ಲಿ ಅದನ್ನು ತಂದವು. ಕರ್ನಾಟಕದ ಸ್ನಾನದ ಮನೆಯ ಇತಿಹಾಸವನ್ನು ಈ ದೂರದ ಲೆಕ್ಕದಲ್ಲಿ ಓದಿದರೆ, ನಲ್ಲಿಯ ಮುಂದೆ ನಿಂತು ಕಾಯುವುದಕ್ಕೆ ಕಾರಣ ಮಾತ್ರವಲ್ಲ, ಅದಕ್ಕೆ ಮದ್ದು ಎಲ್ಲಿದೆ ಎಂಬುದೂ ತಿಳಿಯುತ್ತದೆ.

ಮೊದಲು ಕೊಳವೆಯ ಲೆಕ್ಕ. ಒಳವ್ಯಾಸ 20 ಮಿಲಿಮೀಟರ್ ಇರುವ ಪೈಪಿನ ಪ್ರತಿ ಮೀಟರಿನಲ್ಲಿ ಸುಮಾರು 0.31 ಲೀಟರ್ ನೀರು ನಿಲ್ಲುತ್ತದೆ. 25 ಮಿಲಿಮೀಟರ್ ಆದರೆ ಹೆಚ್ಚುಕಡಿಮೆ ಅರ್ಧ ಲೀಟರ್. ತಾರಸಿಯ ಟ್ಯಾಂಕಿನಿಂದ ಮೂರು ಮಹಡಿ ಇಳಿದು, ಗೋಡೆ ಸುತ್ತಿ, ನೆಲಮಹಡಿಯ ಬಚ್ಚಲು ಮುಟ್ಟುವ ಹೊತ್ತಿಗೆ ಪೈಪು 20 ಮೀಟರ್ ಉದ್ದವಾಗುವುದು ದೊಡ್ಡ ಮಾತಲ್ಲ. ಅಂದರೆ ಆರೂ ಕಾಲು ಲೀಟರಿನಿಂದ ಹತ್ತು ಲೀಟರಿನವರೆಗೆ ನೀರು ರಾತ್ರಿಯಿಡೀ ಆ ಪೈಪಿನಲ್ಲಿ ನಿಂತು ತಣ್ಣಗಾಗಿರುತ್ತದೆ. ಹೊಸ ಬಿಸಿನೀರು ಬರಬೇಕಾದರೆ ಈ ನಿಂತ ನೀರು ಮೊದಲು ಹೊರಗೆ ಹೋಗಬೇಕು. ನಲ್ಲಿಯಿಂದ ನಿಮಿಷಕ್ಕೆ 5 ಲೀಟರ್ ಬೀಳುತ್ತಿದ್ದರೆ ಇದಕ್ಕೇ ಒಂದು ನಿಮಿಷಕ್ಕಿಂತ ಹೆಚ್ಚು ಹಿಡಿಯುತ್ತದೆ. ಅಷ್ಟಕ್ಕೆ ಮುಗಿಯಲಿಲ್ಲ. ಹಳೆಯ ಮನೆಗಳಲ್ಲಿರುವ ಜಿಐ ಪೈಪು ತಾನೂ ಬಿಸಿಯಾಗಬೇಕು. ತನ್ನೊಳಗಿನ ನೀರು ಕಾಯಲು ಬೇಕಾದ ಶಾಖದ ಅರ್ಧದಷ್ಟನ್ನು ಆ ಕಬ್ಬಿಣವೇ ಕುಡಿಯುತ್ತದೆ. ಮುಂದೆ ನುಗ್ಗಿದ ಬಿಸಿನೀರು ದಾರಿಯುದ್ದಕ್ಕೂ ಗೋಡೆಗೆ ಶಾಖ ಕೊಡುತ್ತ ಬರೀ ಬೆಚ್ಚಗೆ ಉಳಿದು ನಲ್ಲಿಗೆ ಬರುತ್ತದೆ. ಈಗ ಬಳಸುವ ಸಿಪಿವಿಸಿ ಪೈಪು ಈ ವಿಷಯದಲ್ಲಿ ಎಷ್ಟೋ ವಾಸಿ, ಆದರೆ ನಿಂತ ನೀರಿನ ಲೆಕ್ಕವನ್ನು ಅದೂ ತಪ್ಪಿಸಲಾರದು. ಉದ್ದ ಎರಡರಷ್ಟಾದರೆ ನಿಂತ ನೀರು ಎರಡರಷ್ಟು, ವ್ಯಾಸ ಎರಡರಷ್ಟಾದರೆ ನಾಲ್ಕರಷ್ಟು. ಈ ಎರಡನೆಯ ಮಾತು ಮುಂದೆ ಮುಖ್ಯವಾಗುತ್ತದೆ.

ಈಗ ಹಳೆಯ ಬಚ್ಚಲುಮನೆಗೆ ಬರೋಣ. ಮಲೆನಾಡಿನಲ್ಲಾಗಲಿ ಬಯಲುಸೀಮೆಯಲ್ಲಾಗಲಿ ತಕ್ಕಮಟ್ಟಿನ ಮನೆಯಲ್ಲಿ ಬಚ್ಚಲು ಹಿತ್ತಲ ಕಡೆಗೆ ಇರುತ್ತಿತ್ತು. ಒಂದು ಮೂಲೆಯಲ್ಲಿ ಮಣ್ಣಿನ ಒಲೆ, ಒಲೆಯ ಮೇಲೆ ಕಂಠದವರೆಗೆ ಹೂತು ಕೂರಿಸಿದ ತಾಮ್ರದ ಹಂಡೆ. ಬಡವರ ಮನೆಯಲ್ಲಿ ತಾಮ್ರದ ಬದಲು ಮಣ್ಣಿನ ಹರವಿ. ಎಷ್ಟೋ ಮನೆಗಳಲ್ಲಿ ಒಲೆಯ ಬಾಯಿ ಗೋಡೆಯ ಆಚೆಗೆ ತೆರೆದಿರುತ್ತಿತ್ತು. ಉರಿ ಹಾಕುವವರು ಹೊರಗೆ, ಮೀಯುವವರು ಒಳಗೆ. ಹಂಡೆಯಿಂದ ಕೈಯಳತೆಯಲ್ಲಿ ಬಚ್ಚಲ ಕಲ್ಲು, ಪಕ್ಕದಲ್ಲಿ ತಣ್ಣೀರಿನ ತೊಟ್ಟಿ, ನೀರು ಬೆರೆಸಿಕೊಳ್ಳಲು ಒಂದು ಬೋಗುಣಿ ಅಥವಾ ಬಕೆಟ್, ತೋಡಿಕೊಳ್ಳಲು ಚೊಂಬು. ಬಚ್ಚಲ ನೀರು ತೂಬಿನಿಂದ ಹೊರಬಿದ್ದು ಬಾಳೆಯ ಬುಡಕ್ಕೋ ಕೆಸುವಿನ ಪಾತಿಗೋ ಹೋಗುತ್ತಿತ್ತು. ಇಲ್ಲಿ ಬಿಸಿನೀರು ನಡೆಯಬೇಕಾದ ದೂರ ಒಂದು ತೋಳಿನಷ್ಟು. ಆ ದೂರವನ್ನು ದಾಟುವುದು ಚೊಂಬು. ಅದು ನಿಂತ ನೀರನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ಮೊದಲ ಚೊಂಬೇ ಬಿಸಿ. ಹಂಡೆಯ ಸುತ್ತ ಮೆತ್ತಿದ ದಪ್ಪ ಮಣ್ಣು ಉರಿ ಆರಿದ ಮೇಲೂ ಗಂಟೆಗಟ್ಟಲೆ ಶಾಖ ಹಿಡಿದಿಡುತ್ತಿತ್ತು. ಕೊನೆಗೆ ಮೀಯುವವರಿಗೂ ನೀರು ಬೆಚ್ಚಗಿರುತ್ತಿತ್ತು. ಮಳೆಗಾಲದಲ್ಲಿ ಒಲೆಯ ಮೇಲಿನ ಅಟ್ಟದಲ್ಲೋ ಹಗ್ಗದ ಮೇಲೋ ಬಟ್ಟೆ ಒಣಗಿಸುತ್ತಿದ್ದರು, ಕೆಂಡದಲ್ಲಿ ಹಲಸಿನ ಬೀಜವನ್ನೋ ಗೆಣಸನ್ನೋ ಸುಡುತ್ತಿದ್ದರು. ಅಡಿಕೆ ಸಿಪ್ಪೆ, ತೆಂಗಿನ ಗರಿ, ಮಟ್ಟೆ, ಬೆರಣಿ ಹೀಗೆ ಅಡುಗೆ ಒಲೆಗೆ ಸಲ್ಲದ ಉರುವಲಿಗೆಲ್ಲ ಬಚ್ಚಲೊಲೆಯೇ ಜಾಗ. ಒಲೆಯ ಬೂದಿ ಪಾತ್ರೆ ತೊಳೆಯಲಿಕ್ಕೂ ತೋಟದ ಗೊಬ್ಬರಕ್ಕೂ ಆಗುತ್ತಿತ್ತು. ಒಂದು ಬೆಂಕಿಯಿಂದ ಐದಾರು ಕೆಲಸ ತೆಗೆಯುವ ಈ ಜಾಣತನ ಬೆಂಕಿಯೂ ಮನುಷ್ಯನೂ ಒಂದೇ ಕೋಣೆಯಲ್ಲಿ ಇದ್ದುದರಿಂದ ಮಾತ್ರ ಸಾಧ್ಯವಾಗಿತ್ತು.

ಈ ಹಂಡೆಗೆ ವರ್ಷಕ್ಕೊಂದು ದಿನ ಹಬ್ಬವೂ ಉಂಟು. ನರಕ ಚತುರ್ದಶಿಯ ಹಿಂದಿನ ಸಂಜೆಯ ನೀರು ತುಂಬುವ ಹಬ್ಬಕ್ಕೆ ಬಚ್ಚಲನ್ನು ಉಜ್ಜಿ ತೊಳೆದು, ಹಂಡೆಯ ಮಸಿ ಕೆರೆದು, ಹುಣಸೆಹಣ್ಣು ಹಚ್ಚಿ ತಾಮ್ರ ಬೆಳಗುತ್ತಾರೆ. ಒಲೆಗೆ ಕೆಮ್ಮಣ್ಣು ಸುಣ್ಣದ ಪಟ್ಟೆ ಬಳಿದು, ರಂಗೋಲಿ ಹಾಕಿ, ಮಲೆನಾಡಿನ ಕಡೆ ಹಂಡೆಯ ಕೊರಳಿಗೆ ಹಿಂಡಲೆಕಾಯಿಯ ಬಳ್ಳಿ ಸುತ್ತುತ್ತಾರೆ. ಬಾವಿಯಿಂದ ಹೊಸ ನೀರು ಸೇದಿ ತುಂಬಿ ಪೂಜೆ ಮಾಡುತ್ತಾರೆ. ಮರುದಿನ ಬೆಳಕು ಹರಿಯುವ ಮೊದಲೇ ಮನೆಮಂದಿಗೆಲ್ಲ ಎಣ್ಣೆಸ್ನಾನ. ಇದನ್ನು ಬರಿಯ ಆಚಾರವೆಂದು ಬಿಡಲಾಗದು. ಮಳೆಗಾಲ ಮುಗಿದು ಚಳಿ ಕಾಲಿಡುವ ಹೊತ್ತಿಗೆ, ಮುಂದಿನ ನಾಲ್ಕು ತಿಂಗಳು ದಿನವೂ ಬೇಕಾಗುವ ಸಾಧನವನ್ನು ಪೂರ್ತಿ ಬಿಚ್ಚಿ ತೊಳೆದು ಸಜ್ಜುಗೊಳಿಸುವ ವ್ಯವಸ್ಥೆ ಅದರೊಳಗೇ ಇದೆ. ಮಸಿ ಕಟ್ಟಿದ ಹಂಡೆಗೆ ಶಾಖ ಸರಿಯಾಗಿ ತಾಗುವುದಿಲ್ಲ. ತಳದಲ್ಲಿ ಕೂತ ಗಸಿಯೂ ಹಾಗೆಯೇ. ಇಂದಿನ ಗೀಸರಿನ ಕಾಯಿಲ್ ಮೇಲೆ ಕಟ್ಟುವ ಸುಣ್ಣವನ್ನು ಎಷ್ಟು ಮನೆಯವರು ವರ್ಷಕ್ಕೊಮ್ಮೆ ತೆಗೆಸುತ್ತಾರೆ ಎಂದು ಕೇಳಿದರೆ ಹಬ್ಬದ ಬೆಲೆ ತಿಳಿಯುತ್ತದೆ.

ಅರಸರ ಸ್ನಾನವೂ ಈ ಸೂತ್ರವನ್ನು ಮೀರಲಿಲ್ಲ. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲಿ ರಾಜನ ಸ್ನಾನಭೋಗಕ್ಕೇ ಬೇರೆ ಭಾಗವಿದೆ. ಅಲ್ಲಿ ನೀರನ್ನು ರಾಜನ ಬಳಿಗೆ ತರುವುದು ಪರಿಚಾರಕರ ಕೈ. ಬೀದರ್ ಕೋಟೆಯಲ್ಲಿ ಈಗ ವಸ್ತುಸಂಗ್ರಹಾಲಯವಾಗಿರುವ ಕಟ್ಟಡ ಒಂದು ಕಾಲದ ಶಾಹಿ ಹಮಾಮು. ಹಮಾಮುಗಳ ಪದ್ಧತಿಯೇ ಬಿಸಿ ಕೋಣೆಯ ಗೋಡೆಯ ಹಿಂದೆ ಕುಲುಮೆ ಇಡುವುದು. ಅರಮನೆಯಲ್ಲಿ ಜಾಗಕ್ಕೇನೂ ಬರವಿರಲಿಲ್ಲ, ನೀರನ್ನು ದೂರದಿಂದ ಕೊಳವೆಯಲ್ಲಿ ತರುವ ವಿದ್ಯೆಯೂ ಗೊತ್ತಿತ್ತು. ವಿಜಯಪುರ, ಬೀದರ್‌ಗಳ ಕಾಲುವೆ ಸುರಂಗಗಳು ಮೈಲುಗಟ್ಟಲೆ ತಣ್ಣೀರು ಹರಿಸಿದ್ದವು. ಆದರೂ ಬಿಸಿನೀರನ್ನು ದೂರಕ್ಕೆ ಹರಿಸುವ ಗೋಜಿಗೆ ಯಾರೂ ಹೋಗಲಿಲ್ಲ. ತಣ್ಣೀರು ಎಷ್ಟು ದೂರ ಹರಿದರೂ ತಣ್ಣೀರೇ. ಬಿಸಿನೀರು ಹೆಜ್ಜೆಹೆಜ್ಜೆಗೂ ತನ್ನ ಗುಣವನ್ನು ಕಳೆದುಕೊಳ್ಳುತ್ತದೆ. ಈ ವ್ಯತ್ಯಾಸ ಹಳಬರ ಕಟ್ಟಡಗಳಲ್ಲಿ ಕಾಣುತ್ತದೆ, ನಮ್ಮ ಮನೆಗಳ ನಕಾಶೆಯಲ್ಲಿ ಕಾಣುವುದಿಲ್ಲ.

ಹಂಡೆಯನ್ನು ಹೀಗೆ ಹೊಗಳುವಾಗ ಒಂದು ಆಕ್ಷೇಪಕ್ಕೆ ಉತ್ತರ ಕೊಡದೆ ಮುಂದೆ ಹೋಗುವಂತಿಲ್ಲ. ಮೊದಲ ಚೊಂಬೇ ಬಿಸಿ ಎಂಬುದು ಮೀಯುವವನ ಮಾತು. ನಾಲ್ಕು ಗಂಟೆಗೆ ಎದ್ದು ಉರಿ ಹಾಕಿದವಳನ್ನು ಕೇಳಬೇಕಲ್ಲ? 60 ಲೀಟರಿನ ಹಂಡೆಯ ನೀರನ್ನು 22 ಡಿಗ್ರಿಯಿಂದ 60 ಡಿಗ್ರಿಗೆ ಏರಿಸಲು, ಉರಿದ ಸೌದೆಯ ಶಾಖದಲ್ಲಿ ಏಳನೇ ಒಂದು ಭಾಗ ನೀರಿಗೆ ಸೇರಿತೆಂದು ಉದಾರವಾಗಿ ಹಿಡಿದರೂ, ನಾಲ್ಕೂವರೆ ಕಿಲೋ ಒಣ ಸೌದೆ ಬೇಕು. ಆ ಸೌದೆಯನ್ನು ಯಾರೋ ಕಾಡಿನಿಂದ ಹೊತ್ತು ತರಬೇಕು, ಒಡೆಯಬೇಕು, ಮಳೆಗೆ ನೆನೆಯದಂತೆ ಕಾಯಬೇಕು. ಹಂಡೆ ತುಂಬಲು ಬಾವಿಯಿಂದ ಏಳೆಂಟು ಕೊಡ ನೀರು ಸೇದಬೇಕು. ಮನೆಯಲ್ಲಿ ಬಾಣಂತಿ ಇದ್ದರೆ ಈ ಲೆಕ್ಕವೆಲ್ಲ ಎರಡರಷ್ಟು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಆರಂಭಿಸಿದ 'ಅಸ್ತ್ರ' ಕೇಂದ್ರದವರು ತುಮಕೂರು ಜಿಲ್ಲೆಯ ಉಂಗ್ರ ಸುತ್ತಮುತ್ತಲ ಹಳ್ಳಿಗಳಲ್ಲಿ ಇಂಧನದ ಲೆಕ್ಕ ತೆಗೆದಾಗ, ಮನೆಬಳಕೆಯ ಶಕ್ತಿಯಲ್ಲಿ ಬಹುಪಾಲು ಸೌದೆಯದೇ ಎಂದೂ ಅದನ್ನು ಹೊಂದಿಸುವ ಶ್ರಮದ ದೊಡ್ಡ ಭಾಗ ಹೆಂಗಸರು ಮಕ್ಕಳ ಹೆಗಲಿನದೆಂದೂ ಕಂಡರು. ಕಡಿಮೆ ಸೌದೆ ಬೇಡುವ ಅಸ್ತ್ರ ಒಲೆ ಹುಟ್ಟಿದ್ದು ಆ ತಿಳಿವಳಿಕೆಯಿಂದ. ಆದ್ದರಿಂದ ಹಂಡೆಯ ಕಾಲದಲ್ಲಿ ಕಾಯುವುದು ಇರಲಿಲ್ಲ ಎನ್ನುವುದು ಸುಳ್ಳು. ಕಾಯುವುದು ಇತ್ತು, ಗಂಟೆಗಟ್ಟಲೆ ಇತ್ತು. ಅದು ಮೀಯುವವನ ಕಣ್ಣಿಗೆ ಬೀಳದೆ, ಹೊಗೆಯೊಳಗೆ, ಇನ್ನೊಬ್ಬರ ಪಾಲಿಗೆ ಬಿದ್ದಿತ್ತು.

ಇಲ್ಲಿ ಎರಡು ಬಗೆಯ ಕಾಯುವಿಕೆಯನ್ನು ಬೇರೆಬೇರೆ ಇಟ್ಟು ನೋಡಬೇಕು. ನೀರು ಕಾಯಲು ಹಿಡಿಯುವ ಹೊತ್ತು ಒಂದು. ಕಾದ ನೀರು ಮೈಗೆ ತಲುಪಲು ಹಿಡಿಯುವ ಹೊತ್ತು ಇನ್ನೊಂದು. ಹಂಡೆಯಲ್ಲಿ ಮೊದಲನೆಯದು ಪೂರ್ತಿ ಇತ್ತು, ಎರಡನೆಯದು ಇರಲೇ ಇಲ್ಲ. ನೂರು ವರ್ಷಗಳ ಸುಧಾರಣೆಯೆಲ್ಲ ಮೊದಲನೆಯದನ್ನು ಕಡಿಮೆ ಮಾಡುವ ಕಡೆಗೇ ನಡೆಯಿತು. ಆ ಭರದಲ್ಲಿ ಎರಡನೆಯದು ಬೆಳೆಯುತ್ತಿರುವುದನ್ನು ಯಾರೂ ಗಮನಿಸಲಿಲ್ಲ. ಸುಧಾರಣೆಯ ಮೊದಲ ಮೆಟ್ಟಿಲಾದ ತಾಮ್ರದ ಬಾಯ್ಲರ್ ಈ ದೋಷದಿಂದ ದೂರವಿತ್ತು. ನಡುವೆ ಒಂದು ಕೊಳವೆ, ಅದರೊಳಗೆ ಇದ್ದಿಲು ಅಥವಾ ಸೌದೆಚೂರು, ಸುತ್ತ ನೀರು. ಮೇಲಿನ ಆಲಿಕೆಗೆ ಒಂದು ಚೊಂಬು ತಣ್ಣೀರು ಹೊಯ್ದರೆ ಅದು ತಳಕ್ಕಿಳಿದು ಮೇಲಿನ ಬಿಸಿನೀರನ್ನು ಮೂತಿಯಿಂದ ಹೊರದೂಡುತ್ತದೆ. ಹೊಯ್ದಷ್ಟು ಬರುತ್ತದೆ, ಹನಿಯೂ ಹಾಳಿಲ್ಲ. ಬೆಂಕಿಯ ಸುತ್ತಲೂ ನೀರೇ ಇರುವುದರಿಂದ ಹಂಡೆಗಿಂತ ಬಹಳ ಕಡಿಮೆ ಉರುವಲು ಸಾಕು. ಹಿತ್ತಲಿಲ್ಲದ ಪೇಟೆ ಮನೆಗೆ ಒಗ್ಗುವಷ್ಟು ಚಿಕ್ಕದು, ಎತ್ತಿ ಬೇರೆಡೆ ಇಡಬಹುದು. ಮೈಸೂರು, ಹುಬ್ಬಳ್ಳಿ, ಬೆಂಗಳೂರುಗಳ ಹಳೆಯ ಮನೆಗಳಲ್ಲಿ ಇಂದಿಗೂ ಮೂಲೆಯಲ್ಲಿ ಕೂತಿರುವ ಈ ಬಾಯ್ಲರುಗಳಷ್ಟು ಚೊಕ್ಕವಾದ ಬಿಸಿನೀರಿನ ಸಾಧನ ಆಮೇಲೆ ಬಂದಿಲ್ಲ ಎಂಬುದು ನನ್ನ ಎಣಿಕೆ.

ದೂರ ಮೊದಲು ಹುಟ್ಟಿದ್ದು ಬೆಂಕಿಯಿಂದಲ್ಲ, ನೀರಿನಿಂದ. ಬೆಂಗಳೂರಿಗೆ ಕೊಳವೆಯ ನೀರು ಬಂದದ್ದು 1890ರ ದಶಕದಲ್ಲಿ, ಹೆಸರಘಟ್ಟದಿಂದ. 1898ರ ಪ್ಲೇಗು ಹಳೇ ಪೇಟೆಯ ಇಕ್ಕಟ್ಟನ್ನು ಭಯದ ವಿಷಯವಾಗಿಸಿತು. ಬಸವನಗುಡಿ, ಮಲ್ಲೇಶ್ವರಗಳಂಥ ಹೊಸ ಬಡಾವಣೆಗಳು ಗಾಳಿ ಬೆಳಕಿಗಾಗಿ ಬೆಳೆದವು. ಅಲ್ಲಿನ ಮನೆಗಳಲ್ಲಿಯೂ ಬಚ್ಚಲು ಹಿಂದುಗಡೆಯೇ ಇತ್ತು, ಹಂಡೆಯೂ ಇತ್ತು. ನಲ್ಲಿ ಬಂದದ್ದು ಹಂಡೆಗೆ ನೀರು ತುಂಬುವ ಕಷ್ಟ ತಪ್ಪಿಸಲು. ಊರು ಬೆಳೆದಂತೆ ನೀರು ಸಾಲದೆ 1933ರಲ್ಲಿ ತಿಪ್ಪಗೊಂಡನಹಳ್ಳಿ, 1974ರಲ್ಲಿ ಕಾವೇರಿ ಬಂದವು. ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ, 500 ಮೀಟರಿನಷ್ಟು ಮೇಲಕ್ಕೆ ಎತ್ತಿ ತಂದದ್ದು. ಇಷ್ಟಾದರೂ ನಲ್ಲಿಯಲ್ಲಿ ದಿನವಿಡೀ ನೀರು ಎಂಬುದು ಊರಿನ ಬಹುಪಾಲಿಗೆ ಒದಗಲಿಲ್ಲ. ದಿನ ಬಿಟ್ಟು ದಿನ, ಕೆಲವು ಗಂಟೆ ಮಾತ್ರ ಬರುವ ನೀರನ್ನು ಹಿಡಿದಿಡಬೇಕು. ಹಾಗೆ ಮನೆಯ ಮುಂದೆ ಸಂಪು, ಮಾಳಿಗೆಯ ಮೇಲೆ ಓವರ್‌ಹೆಡ್ ಟ್ಯಾಂಕು ಬಂದವು. ನಲ್ಲಿಗೆ ಒತ್ತಡ ಕೊಡುವುದು ಊರಿನ ಮುಖ್ಯ ಕೊಳವೆಯಲ್ಲ, ಮಾಳಿಗೆಯ ಎತ್ತರ. ಆ ಒತ್ತಡ ಬಹಳ ಅಲ್ಪ. ಮೇಲಿನ ಮಹಡಿಯ ನಲ್ಲಿಗೂ ಟ್ಯಾಂಕಿಗೂ ನಡುವೆ ಒಂದೆರಡು ಮೀಟರ್ ಅಂತರವಿದ್ದರೆ ನೀರು ಸಣ್ಣಗೆ ಬೀಳುತ್ತದೆ. ಜನ ಗೊಣಗುತ್ತಾರೆ. ಪ್ಲಂಬರನಿಗೆ ಇದಕ್ಕೆ ಗೊತ್ತಿರುವ ಉಪಾಯ ದಪ್ಪ ಪೈಪು. ಹರಿವು ಸುಧಾರಿಸುತ್ತದೆ, ಆದರೆ ದಪ್ಪ ಪೈಪಿನಲ್ಲಿ ನಿಂತ ನೀರೂ ಹೆಚ್ಚು. ತಣ್ಣೀರಿನ ಸಾಲಿಗೆ ಇದರಿಂದ ಯಾವ ನಷ್ಟವೂ ಇಲ್ಲ. ಬಿಸಿನೀರಿನ ಸಾಲಿಗೆ ಪೂರ್ತಿ ನಷ್ಟ. ಊರಿನ ನೀರು ಸರಬರಾಜಿನ ಕೊರತೆ ಹೀಗೆ ಮನೆಯೊಳಗಿನ ಪೈಪಿನ ವ್ಯಾಸವಾಗಿ, ಅದು ಬೆಳಗಿನ ಚಳಿಯಲ್ಲಿ ಎರಡು ನಿಮಿಷದ ಕಾಯುವಿಕೆಯಾಗಿ ಬಂದು ಕೂತಿದೆ. ಕೆಳಮಹಡಿಯಲ್ಲಿ ಒತ್ತಡ ಹೆಚ್ಚು, ಪೈಪು ಉದ್ದ; ಮೇಲ್ಮಹಡಿಯಲ್ಲಿ ಪೈಪು ಗಿಡ್ಡ, ಹರಿವು ನಿಧಾನ. ಕಾಯುವುದು ಇಬ್ಬರಿಗೂ ತಪ್ಪುವುದಿಲ್ಲ.

ಬೆಂಕಿಯ ಕಡೆಯ ಕಥೆ ಇದಕ್ಕೆ ಸಮಾನಾಂತರವಾಗಿ ನಡೆಯಿತು. ಲಂಡನ್ನಿನ ಬೆಂಜಮಿನ್ ಮಾಘನ್ 1868ರಲ್ಲಿ ಗ್ಯಾಸಿನ ಉರಿಯಿಂದ ಹರಿಯುವ ನೀರನ್ನು ಕಾಯಿಸುವ ಯಂತ್ರ ಮಾಡಿ ಗೀಸರ್ ಎಂದು ಹೆಸರಿಟ್ಟ. ಹೊಗೆ ಹೊರಹೋಗಲು ದಾರಿಯಿಲ್ಲದ ಆ ಯಂತ್ರ ಅಪಾಯಕಾರಿಯಾಗಿತ್ತು. ನಾರ್ವೆಯಿಂದ ಅಮೆರಿಕಕ್ಕೆ ಹೋಗಿದ್ದ ಎಡ್ವಿನ್ ರೂಡ್ 1889ರಲ್ಲಿ ತಾನೇ ಹೊತ್ತಿಕೊಂಡು ತಾನೇ ಆರುವ, ನೀರು ಕೂಡಿಡುವ ಹೀಟರ್ ಮಾಡಿದ. ನಮ್ಮಲ್ಲಿ ಗೀಸರ್ ಎಂಬ ಹೆಸರು ಉಳಿದದ್ದು ರೂಡ್‌ನ ಬಗೆಯ, ಆದರೆ ಕರೆಂಟಿನಿಂದ ಕಾಯುವ ತೊಟ್ಟಿಗೆ. ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ಕರೆಂಟು 1905ರಲ್ಲಿ ಬೆಂಗಳೂರಿನ ಬೀದಿಗೆ ಬೆಳಕು ತಂದಿತು. ಸಾಮಾನ್ಯರ ಬಚ್ಚಲಿಗೆ ಬರಲು ಇನ್ನೂ ಎಷ್ಟೋ ದಶಕ ಹಿಡಿಯಿತು. ಗೀಸರಿಗೆ ಮುಂಚೆ ಬಕೆಟ್ಟಿನೊಳಗೆ ಇಳಿಬಿಡುವ ಕಾಯಿಲ್ ಬಂತು. ಅಪಾಯವಿದ್ದರೂ ಅದು ದೂರವಿಲ್ಲದ ಸಾಧನ, ಹಂಡೆಯ ನೇರ ವಾರಸುದಾರ. ಬಾಗಿಲ ಮೇಲೆ ತೂಗುಹಾಕಿದ 15 ಲೀಟರಿನ ಗೀಸರೂ ಹತ್ತಿರದ್ದೇ. ಅದರಿಂದ ನಲ್ಲಿಗೆ ಇಳಿಯುವ ಪೈಪಿನಲ್ಲಿ ಅರ್ಧ ಲೀಟರೂ ನಿಲ್ಲುವುದಿಲ್ಲ. ಇಲ್ಲಿ ಕಾಯಬೇಕಾದದ್ದು ಸ್ವಿಚ್ ಹಾಕಿದ ಮೇಲೆ: 2 ಕಿಲೋವ್ಯಾಟಿನ ಗೀಸರಿಗೆ 15 ಲೀಟರನ್ನು 35 ಡಿಗ್ರಿ ಏರಿಸಲು ಹದಿನೆಂಟು ನಿಮಿಷ ಬೇಕು. ಉರಿ ಹಾಕುವ ಶ್ರಮ ಹೋಯಿತು, ಹೊಗೆ ಹೋಯಿತು, ದೂರವೂ ಬೆಳೆಯಲಿಲ್ಲ. ಬೆಲೆ ತೆತ್ತದ್ದು ವಿದ್ಯುತ್ ಜಾಲ. ಚಳಿಗಾಲದ ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಊರಿಗೆ ಊರೇ ಗೀಸರ್ ಹಾಕಿದರೆ ಆ ಬೇಡಿಕೆಯನ್ನು ಪೂರೈಸುವುದು ರಾಜ್ಯಕ್ಕೆ ದೊಡ್ಡ ತಲೆನೋವಾಯಿತು.

ಆ ತಲೆನೋವಿಗೆ ಸಿಕ್ಕ ಮದ್ದೇ ಸೋಲಾರ್. ಬಿಸಿಲಲ್ಲಿ ನೀರು ಕಾಯಿಸುವ ವ್ಯಾಪಾರ ಹೊಸದಲ್ಲ. ಬಾಲ್ಟಿಮೋರಿನ ಕ್ಲಾರೆನ್ಸ್ ಕೆಂಪ್ 1891ರಲ್ಲೇ ಗಾಜಿನ ಪೆಟ್ಟಿಗೆಯೊಳಗೆ ಕಪ್ಪು ತೊಟ್ಟಿಗಳನ್ನಿಟ್ಟು ಮಾರಿದ. ಆದರೆ ರಾತ್ರಿ ಶಾಖವೆಲ್ಲ ಗಾಜಿನ ಮೂಲಕ ಆರಿಹೋಗಿ ಬೆಳಗ್ಗೆಗೆ ಉಳಿಯುತ್ತಿರಲಿಲ್ಲ. ಕ್ಯಾಲಿಫೋರ್ನಿಯಾದ ವಿಲಿಯಂ ಬೈಲಿ 1909ರಲ್ಲಿ ಬಿಸಿಲು ಹಿಡಿಯುವ ಫಲಕವನ್ನೂ ನೀರು ಕೂಡಿಡುವ ತೊಟ್ಟಿಯನ್ನೂ ಬೇರೆ ಮಾಡಿ, ತೊಟ್ಟಿಗೆ ಶಾಖ ಹೋಗದಂತೆ ಹೊದಿಕೆ ಹಾಕಿ, ಎತ್ತರದಲ್ಲಿಟ್ಟ. ಕಾದ ನೀರು ಹಗುರಾಗಿ ತಾನೇ ತೊಟ್ಟಿಗೆ ಏರುತ್ತದೆ, ಪಂಪು ಬೇಡ. ಇಂದು ಬೆಂಗಳೂರಿನ ತಾರಸಿಗಳ ಮೇಲಿರುವುದು ಬಹುಮಟ್ಟಿಗೆ ಬೈಲಿಯ ವ್ಯವಸ್ಥೆಯೇ. 900 ಮೀಟರಿಗಿಂತ ಎತ್ತರದ ಈ ಊರಿನಲ್ಲಿ ಬೆಳಗಿನ ಚಳಿಯೂ ಉಂಟು, ಚಳಿಗಾಲದ ಹಗಲಿನಲ್ಲಿ ಧಾರಾಳ ಬಿಸಿಲೂ ಉಂಟು. ಹೀಗಾಗಿ ಸೋಲಾರ್ ಇಲ್ಲಿ ಬೇರೂರಿದಷ್ಟು ದೇಶದ ಬೇರೆ ದೊಡ್ಡ ಊರುಗಳಲ್ಲಿ ಬೇರೂರಲಿಲ್ಲ. 2007ರಲ್ಲಿ ಸರ್ಕಾರ ಹೊಸ ಮನೆಗಳಿಗೆ ಅದನ್ನು ಕಡ್ಡಾಯ ಮಾಡಿತು; ಹಾಕಿಸಿಕೊಂಡವರಿಗೆ ಕರೆಂಟ್ ಬಿಲ್ಲಿನಲ್ಲಿ ಯೂನಿಟ್‌ಗೆ 50 ಪೈಸೆಯಂತೆ, ತಿಂಗಳಿಗೆ ಗರಿಷ್ಠ 50 ರೂಪಾಯಿ ರಿಯಾಯಿತಿ ಇತ್ತು. ನಿರ್ಧಾರ ಸರಿಯಾದದ್ದೇ. ಸೌದೆಯೂ ಬೇಡ, ಕರೆಂಟೂ ಬೇಡ. ಉರಿ ಹಾಕುವ ಕೆಲಸವನ್ನು ಸೂರ್ಯ ಹಿಂದಿನ ದಿನವೇ ಮಾಡಿಟ್ಟಿರುತ್ತಾನೆ. ಆದರೆ ಮನೆಯಲ್ಲಿ ಬಿಸಿಲು ಬೀಳುವ ಜಾಗ ಒಂದೇ, ಅದು ತಾರಸಿ. ಮೀಯುವ ಜಾಗದಿಂದ ಅತಿ ದೂರದ ತುದಿಯೂ ಅದೇ. ಕಾಯಿಸುವ ಹೊತ್ತು ಪೂರ್ತಿ ಇಲ್ಲವಾಯಿತು, ತಲುಪುವ ಹೊತ್ತು ಹಿಂದೆಂದೂ ಇಲ್ಲದಷ್ಟು ದೊಡ್ಡದಾಯಿತು. ನಿಯಮ ಬರೆದವರು ಟ್ಯಾಂಕಿನ ಗಾತ್ರ ಹೇಳಿದರು. ಟ್ಯಾಂಕಿನಿಂದ ನಲ್ಲಿಗೆ ಪೈಪು ಎಷ್ಟು ಉದ್ದ, ಎಷ್ಟು ದಪ್ಪ ಎಂಬ ಕಡೆಗೆ ಗಮನ ಹರಿಯಲಿಲ್ಲ.

ಇದೇ ಕಾಲಕ್ಕೆ ಬಚ್ಚಲೂ ಚದುರಿತು. ಹಿತ್ತಲಿನ ಒಂದು ಬಚ್ಚಲು ಹೋಗಿ ಮಲಗುವ ಕೋಣೆಗೊಂದು ಅಟ್ಯಾಚ್ಡ್ ಬಾತ್‌ರೂಮ್ ಬಂತು. 30 ಅಡಿಗೆ 40 ಅಡಿಯ ನಿವೇಶನದಲ್ಲಿ ಮೂರು ಮಹಡಿ ಎತ್ತಿ, ಎರಡರಲ್ಲಿ ಬಾಡಿಗೆಯವರನ್ನಿಟ್ಟರೆ ಐದಾರು ಬಾತ್‌ರೂಮುಗಳಾದವು. ವಾಸ್ತು ಒಂದನ್ನು ಇಲ್ಲಿಗೆ ತಳ್ಳಿತು, ಕಾರು ನಿಲ್ಲಿಸುವ ಜಾಗ ಇನ್ನೊಂದನ್ನು ಅಲ್ಲಿಗೆ ತಳ್ಳಿತು, ಅಡುಗೆಮನೆಗೂ ಒಂದು ಬಿಸಿನೀರಿನ ನಲ್ಲಿ ಬೇಕಾಯಿತು. ಒಂದೇ ದಪ್ಪ ಪೈಪನ್ನು ಕಟ್ಟಡದ ಸುತ್ತ ಹಾಯಿಸಿ ಎಲ್ಲೆಂದರಲ್ಲಿ ಕವಲು ತೆಗೆದದ್ದರಿಂದ, ಮೊದಲ ಬಾತ್‌ರೂಮಿನಲ್ಲಿ ಯಾರಾದರೂ ಮಿಂದಿದ್ದರೆ ಎರಡನೆಯದಕ್ಕೆ ಬೇಗ ಬಿಸಿನೀರು, ಇಲ್ಲದಿದ್ದರೆ ತಡ. ಒಂದೇ ಮನೆಯಲ್ಲಿ ಒಬ್ಬರಿಗೆ ಸೋಲಾರ್ ಬಹಳ ಚೆನ್ನಾಗಿದೆ, ಇನ್ನೊಬ್ಬರಿಗೆ ಪ್ರಯೋಜನವಿಲ್ಲ ಎಂಬ ಜಗಳದ ಗುಟ್ಟು ಇಲ್ಲಿದೆ. ಹೆಚ್ಚಾಗಿ ಕೊನೆಯಲ್ಲಿರುವುದು ನೆಲಮಹಡಿಯ ಬಚ್ಚಲು, ಮೆಟ್ಟಿಲು ಹತ್ತಲಾಗದ ಹಿರಿಯರು ಬಳಸುವ ಬಚ್ಚಲು. ಚಳಿಯಲ್ಲಿ ಅತಿ ಹೆಚ್ಚು ಹೊತ್ತು ಕಾಯುವವರು ಅವರೇ.

ಇದಕ್ಕೆಲ್ಲ ಸುಲಭದ ಪರಿಹಾರಗಳಿವೆಯಲ್ಲ ಎನ್ನುವವರಿದ್ದಾರೆ. ಪೈಪಿಗೆ ಹೊದಿಕೆ ಹಾಕಿ ಎನ್ನುತ್ತಾರೆ. ಹಾಕಲೇಬೇಕು, ಒಬ್ಬರ ಹಿಂದೊಬ್ಬರು ಮೀಯುವ ಮನೆಯಲ್ಲಿ ನಡುವಿನ ನೀರು ಆರದಂತೆ ಅದು ಕಾಯುತ್ತದೆ. ಆದರೆ ಬೆರಳಿನಷ್ಟು ದಪ್ಪದ ನೀರಿನ ಎಳೆಯನ್ನು ಯಾವ ಹೊದಿಕೆಯೂ ರಾತ್ರಿಯಿಡೀ ಬಿಸಿಯಾಗಿಡಲಾರದು. ಬೆಳಗಿನ ಮೊದಲ ನೀರು ತಣ್ಣಗೇ ಬರುತ್ತದೆ. ಪಂಪಿಟ್ಟು ಬಿಸಿನೀರನ್ನು ಸದಾ ಸುತ್ತಿಸಿ ಎನ್ನುವವರ ಮಾತು ಹೋಟೆಲಿಗೆ, ದೊಡ್ಡ ಅಪಾರ್ಟ್‌ಮೆಂಟಿಗೆ ಸರಿ. ಒಂಟಿ ಮನೆಯಲ್ಲಿ ಇಡೀ ಪೈಪುಸಾಲು ಹಗಲೂ ರಾತ್ರಿ ಶಾಖ ಚೆಲ್ಲುವ ಒಲೆಯಾಗುತ್ತದೆ. ಇನ್‌ಸ್ಟಂಟ್ ಗೀಸರ್ ಹಾಕಿದರಾಯಿತು ಎಂಬ ಮಾತಿಗೆ ಲೆಕ್ಕವೇ ಉತ್ತರ: 3 ಕಿಲೋವ್ಯಾಟಿನ ಯಂತ್ರ ಹರಿಯುವ ನೀರನ್ನು 20 ಡಿಗ್ರಿ ಏರಿಸಬೇಕಾದರೆ ನಿಮಿಷಕ್ಕೆ ಎರಡು ಲೀಟರಿಗಿಂತ ಸ್ವಲ್ಪ ಹೆಚ್ಚು ಮಾತ್ರ ಕೊಡಬಲ್ಲದು. ಪಾತ್ರೆ ತೊಳೆಯಲು, ಮುಖ ತೊಳೆಯಲು ಅದು ಸಾಕು, ಎಣ್ಣೆಸ್ನಾನಕ್ಕೆ ಸಾಲದು.

ಗಂಭೀರವಾದ ಆಕ್ಷೇಪ ಬೇರೆ ಇದೆ. ದಿನಕ್ಕೆ ಆರೇಳು ಲೀಟರಿಗೆ ಇಷ್ಟೊಂದು ಮಾತೇಕೆ? ನಗರಗಳಿಗೆ ಒಬ್ಬರಿಗೆ ದಿನಕ್ಕೆ 135 ಲೀಟರ್ ಎಂಬುದು ಅಂಗೀಕೃತ ಲೆಕ್ಕ, ಅದರಲ್ಲಿ ಸ್ನಾನಕ್ಕೇ 55 ಲೀಟರ್. ನಾಲ್ವರ ಮನೆಯ 540 ಲೀಟರಿನಲ್ಲಿ ಏಳು ಲೀಟರ್ ಅಂದರೆ ನೂರಕ್ಕೆ ಒಂದು ಚಿಲ್ಲರೆ. ಈ ಲೆಕ್ಕ ಒಪ್ಪತಕ್ಕದ್ದೇ, ಆದರೆ ಅದು ಒಂದು ನಲ್ಲಿ, ಒಂದು ಸಲ ಎಂದು ಹಿಡಿದ ಲೆಕ್ಕ. ಮೂರು ಬಾತ್‌ರೂಮು, ಬೆಳಗ್ಗೆ ಸಂಜೆ ಎರಡು ಹೊತ್ತು ಎಂದರೆ ಇಪ್ಪತ್ತು ಮೂವತ್ತು ಲೀಟರ್ ದಾಟುತ್ತದೆ. ಅದಕ್ಕಿಂತ ಮುಖ್ಯವಾದದ್ದು, ಮಿಂದಾದ ಮೇಲೆ ಅಷ್ಟೇ ಬಿಸಿನೀರು ಪೈಪಿನಲ್ಲಿ ಉಳಿದು ಆರಿಹೋಗುತ್ತದೆ ಎಂಬುದು. ಅಂದರೆ 200 ಲೀಟರಿನ ಟ್ಯಾಂಕಿನಲ್ಲಿ ಹತ್ತನೇ ಒಂದು ಭಾಗ ಯಾರ ಮೈಗೂ ಬೀಳದೆ ಗೋಡೆಯೊಳಗೆ ತಣ್ಣಗಾಗುತ್ತದೆ. ಮೋಡ ಕವಿದ ದಿನ ಆ ಕೊರತೆ ತುಂಬಲು ಕರೆಂಟು ಬೇಕು. 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ ಬೆಂಗಳೂರು ಟ್ಯಾಂಕರಿಗೆ ಕಾದು ನಿಂತಾಗ, ಜಲಮಂಡಳಿ ವಾಣಿಜ್ಯ ಕಟ್ಟಡಗಳ ನಲ್ಲಿಗಳಿಗೆ ಹರಿವು ತಗ್ಗಿಸುವ ಏರೇಟರ್ ಕಡ್ಡಾಯ ಮಾಡಿತು. ಉದ್ದೇಶ ಒಳ್ಳೆಯದು. ಆದರೆ ಬಿಸಿನೀರಿನ ನಲ್ಲಿಗೆ ಏರೇಟರ್ ಹಾಕಿದರೆ ನಿಂತ ನೀರು ಹೊರಹೋಗುವುದು ಇನ್ನೂ ನಿಧಾನವಾಗುತ್ತದೆ. ಚೆಲ್ಲುವ ನೀರು ಅಷ್ಟೇ ಉಳಿದು ಕಾಯುವ ಹೊತ್ತು ಬೆಳೆಯುತ್ತದೆ. ನಲ್ಲಿಯ ತುದಿಯಲ್ಲಿ ಮಾಡುವ ಉಳಿತಾಯ ಪೈಪಿನ ಉದ್ದವನ್ನು ತಿದ್ದಲಾರದು.

ತಿದ್ದಬೇಕಾದದ್ದು ಮನೆಯ ನಕಾಶೆಯಲ್ಲಿ. ಬಾತ್‌ರೂಮುಗಳನ್ನು ಒಂದರ ಕೆಳಗೊಂದು ಬರುವಂತೆ ಇಟ್ಟು, ಅವುಗಳ ನೇರಕ್ಕೆ ತಾರಸಿಯಲ್ಲಿ ಟ್ಯಾಂಕು ಕೂರಿಸಿದರೆ ಪೈಪಿನ ಉದ್ದ ಅರ್ಧಕ್ಕೆ ಇಳಿಯುತ್ತದೆ. ಬಿಸಿನೀರಿನ ಸಾಲಿಗೆ ತಣ್ಣೀರಿನ ಅಳತೆಯ ದಪ್ಪ ಪೈಪು ಹಾಕುವ ಬದಲು, ಟ್ಯಾಂಕಿನಿಂದ ಪ್ರತಿ ಬಾತ್‌ರೂಮಿಗೂ ಬೇರೆಬೇರೆ ತೆಳು ಪೈಪು ಇಳಿಸಬಹುದು; ಕೆಳಮಹಡಿಗೆ ಒತ್ತಡ ಹೇಗೂ ಹೆಚ್ಚಿರುವುದರಿಂದ ಅಲ್ಲಿ ತೆಳು ಪೈಪು ಧಾರಾಳವಾಗಿ ಸಾಕಾಗುತ್ತದೆ. ಕಟ್ಟಿ ಮುಗಿದ ಮನೆಯಲ್ಲಾದರೆ ನೆಲಮಹಡಿಯ ಬಚ್ಚಲಲ್ಲಿ 15 ಲೀಟರಿನ ಗೀಸರ್ ಇಟ್ಟು, ಅದರ ಒಳಹರಿವಿಗೆ ಸೋಲಾರಿನ ಸಾಲನ್ನೇ ಜೋಡಿಸಬೇಕು. ಪೈಪಿನ ತಣ್ಣೀರು ಮೋರಿಗೆ ಹೋಗದೆ ಗೀಸರಿನೊಳಗೆ ಹೋಗಿ ಬೆರೆಯುತ್ತದೆ, ಹಿಂದೆಯೇ ಸೋಲಾರಿನ ಬಿಸಿನೀರು ಬಂದು ಅದನ್ನು ಮತ್ತೆ ಕಾಯಿಸುತ್ತದೆ, ಕರೆಂಟು ಸುಡುವುದು ಮೊದಲ ಕೆಲವು ನಿಮಿಷ ಮಾತ್ರ. ಟ್ಯಾಂಕು ದೂರವಿದ್ದರೂ ಕೈಯಳತೆಯಲ್ಲಿ ಬಿಸಿನೀರಿನ ಚಿಕ್ಕ ದಾಸ್ತಾನು ಇದ್ದಂತಾಯಿತು. ಮಲೆನಾಡಿನ ಎಷ್ಟೋ ಮನೆಗಳಲ್ಲಿ ತಾರಸಿಗೆ ಸೋಲಾರ್ ಬಂದ ಮೇಲೂ ಹಂಡೆಯನ್ನು ಕಿತ್ತಿಲ್ಲ. ಜೂನ್‌ನಿಂದ ಸೆಪ್ಟೆಂಬರಿನವರೆಗೆ ಬಿಸಿಲೇ ಕಾಣದಾಗ ಅಡಿಕೆ ಸಿಪ್ಪೆಯ ಉರಿಯೇ ಗತಿ. ಅಂಥ ಮನೆಯವರು ಸೋಲಾರಿನ ಪೈಪನ್ನು ಹಂಡೆಯಿರುವ ಹಳೆಯ ಬಚ್ಚಲಿಗೇ ಮೊದಲು ಇಳಿಸಿ, ನಲ್ಲಿಯನ್ನು ಹಂಡೆಯ ಬಾಯಿಗೆ ನೇರವಾಗಿ ಇಟ್ಟರೆ ಬೆಳಗಿನ ಮೊದಲ ತಣ್ಣೀರು ಮೋರಿಗೆ ಹೋಗಬೇಕಾಗಿಲ್ಲ. ಒಲೆಗೆ ಸರಿಯಾದ ಹೊಗೆಕೊಳವೆ ಇರಬೇಕು, ಉರಿ ಹಾಕುವ ಕೆಲಸ ಮನೆಯ ಹೆಂಗಸರೊಬ್ಬರದೇ ಆಗಿರಬಾರದು. ಈ ಎರಡು ಮಾತು ನಡೆಸಿಕೊಟ್ಟರೆ ಹಂಡೆಯನ್ನು ಕೀಳಲು ಬೇರೆ ಕಾರಣ ಕಾಣುವುದಿಲ್ಲ.